ಸೋಮವಾರ ನಿಂತ ಟ್ರ್ಯಾಕ್ಟರ್

ಜನವರಿ 8, ಬುಧವಾರ

ನಮ್ಮ ಕೇಬಲ್ ಸಾಮ್ರಾಜ್ಯದ ಚಕ್ರವರ್ತಿಗಳಾದ ಪಂಚಾಕ್ಷರಪ್ಪನವರು ಇಂದು ಮಧ್ಯಾಹ್ನ ನನ್ನನ್ನು ಕರೆದು ಕಾಫಿ ತರಿಸಿಕೊಟ್ಟರು. ಅವರು ಕಾಫಿ ಕೊಡಿಸಿದಾಗಲೇ ನಾನು ಹುಷಾರಾಗಬೇಕಿತ್ತು.

"ತೀರ್ಥೇಶ್, ಮೊನ್ನೆ ತರೀಕೆರೇಲಿ ಹೋಟ್ಲಿಗೆ ಹೋಗಿದ್ದೆ ಕಣ್ರೀ. ಪಕ್ಕದ ಟೇಬಲ್ಲಲ್ಲಿ ನಾಲ್ಕು ಹುಡುಗ್ರು. ಎದುರಿಗೆ ಮಸಾಲೆ ದೋಸೆ ಆರೋಗ್ತಾ ಐತೆ, ಒಬ್ನೂ ಮುಟ್ತಿಲ್ಲ. ಮೊಬೈಲಲ್ಲಿ ಗೇಮು. ಒಬ್ಬ ಆಡ್ತವ್ನೆ, ಮೂರ್ ಜನ ನೋಡ್ತಾವ್ರೆ. ನೋಡೋರೇ ಮೂರ್ ಜನ ಕಣ್ರೀ!"

ಒಬ್ಬ ಆಡಿದರೆ ಮೂವರು ನೋಡುತ್ತಾರೆ. ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಸಮಸ್ತ ಯುವಕರೂ ನಮ್ಮ ಕೇಬಲ್ ನೋಡುತ್ತಾರೆ. ಇದು ಅವರ ಗಣಿತ. ಹಾಗಾಗಿ ನಮ್ಮ ಲೋಕಲ್ ಚಾನೆಲ್ ಸಂಕ್ರಾಂತಿಯ ಮಾರನೆಯ ದಿನದಿಂದ ವಿಡಿಯೊ ಗೇಮ್ ಚಾನೆಲ್ ಆಗಲಿದೆ. ಹದಿನಾಲ್ಕು ವರ್ಷದಿಂದ ಸಂಜೆ ಏಳೂವರೆಗೆ ನಾನು ಓದುತ್ತಿದ್ದ 'ನಮ್ಮೂರ ಸಮಾಚಾರ' ನಿಲ್ಲಲಿದೆ. ಆ ಹೊತ್ತಿಗೆ 'ಗೇಮ್ ಗಮ್ಮತ್ತು' ಎಂಬ ಕಾರ್ಯಕ್ರಮ. ಹೆಸರಿಟ್ಟವರು ಅವರೇ. ವೀಕ್ಷಕ ವಿವರಣೆ ನನ್ನದಂತೆ.

"ನನಗೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲ ಸಾರ್" ಎಂದೆ.

"ನ್ಯೂಸ್ ಬಗ್ಗೆ ಗೊತ್ತಿತ್ತಾ? ಓದ್ಲಿಲ್ವಾ?" ಎಂದರು.

ಕೊನೆಗೆ ನನ್ನ ಮುಖ ನೋಡಿ ಕನಿಕರಪಟ್ಟು ಒಂದು ಮಾತು ಕೊಟ್ಟರು. ಯುಗಾದಿವರೆಗೆ ನೋಡುವುದು. ಜನ ನೋಡದಿದ್ದರೆ ಏಳೂವರೆ ಮತ್ತೆ ನನ್ನದು.

ಮನೆಯಲ್ಲಿ ಹೇಳಿದರೆ ನಯನ ಬಿದ್ದು ಬಿದ್ದು ನಕ್ಕಳು. ಹೆಂಡತಿಯ ಹತ್ತಿರ ಹೇಳಿಕೊಳ್ಳಲಾಗದ್ದನ್ನು ಬರೆಯುವುದಕ್ಕೇ ಜನ ಡೈರಿ ಇಡುವುದೆಂದು ಇವತ್ತು ಗೊತ್ತಾಯಿತು.

ಜನವರಿ 15, ಬುಧವಾರ

ಉದ್ಘಾಟನೆ ಆಯಿತು. ದೇವರ ಭಯ ಇನ್ನೂ ಸ್ವಲ್ಪ ಉಳಿದಿರುವುದರಿಂದ ಬೆಳಿಗ್ಗೆ ಎಂಟರವರೆಗೆ ಭಕ್ತಿಗೀತೆ. ಎಂಟಾದ ಮೇಲೆ ಗುಂಡಿನ ದಾಳಿ.

ಆಡುವುದಕ್ಕೆ ನೂರೈನ್ ಎಂಬ ಹುಡುಗಿಯನ್ನು ನೇಮಿಸಿದ್ದಾರೆ. ಅಜ್ಜಂಪುರದವಳು, ಡಿಗ್ರಿ ಮುಗಿಸಿ ಇಲ್ಲಿ ಕಡೂರಿನ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಮಾತು ಕಮ್ಮಿ, ಬಂದೂಕು ಜಾಸ್ತಿ. ಅವಳು ಒಂದು ಕಂಪ್ಯೂಟರ್ ಮುಂದೆ, ನಾನು ಪಕ್ಕದಲ್ಲಿ ಮೈಕ್ ಹಿಡಿದು. ವೀಕ್ಷಕರ ಫೋನ್ ಬಂದರೆ ಅದೂ ಸ್ಪೀಕರಿನಲ್ಲಿ, ನೇರ ಪ್ರಸಾರ. ತೆರೆಯ ಮೇಲೆ ಆಟ ಮಾತ್ರ, ನನ್ನ ಮುಖ ಇಲ್ಲ. ಆ ಮುಖಕ್ಕೆಂದು ಹೊಲಿಸಿದ ಎರಡು ಕೋಟು ಇನ್ನು ಮದುವೆಮನೆಗೇ ಸೈ.

ಏಳೂವರೆಗೆ ಶುರು. ಹದಿನಾಲ್ಕು ವರ್ಷದ ಅಭ್ಯಾಸ ಎಲ್ಲಿ ಹೋಗಬೇಕು? "ಇಂದು ಸಂಜೆ ಸಂಭವಿಸಿದ ಗುಂಡಿನ ಚಕಮಕಿಯಲ್ಲಿ ಮೂವರು ಸ್ಥಳದಲ್ಲೇ ಮೃತಪಟ್ಟಿದ್ದಾರೆ" ಎಂದೆ. ಹಿರೇನಲ್ಲೂರಿನಿಂದ ಒಬ್ಬರು ಗಾಬರಿಯಾಗಿ ಫೋನ್ ಮಾಡಿ, "ಎಲ್ಲಿ ಸಾರ್ ಅದು? ಬೀರೂರಲ್ಲಾ?" ಎಂದು ಕೇಳಿದರು. ನೂರೈನ್ ಮೊದಲ ಸಲ ನಕ್ಕಳು.

ಆಮೇಲೆ ಬಂದ ಕರೆಗಳೆಲ್ಲ ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳುವವೇ. ನನಗೆ ಬಹಳ ಸಂತೋಷವಾಯಿತು.

ಜನವರಿ 21, ಮಂಗಳವಾರ

ಸಂತೋಷ ಬಹಳ ದಿನ ಉಳಿಯಲಿಲ್ಲ. ಕಾರು ಓಡಿಸುವ ಆಟ ಹಾಕಿದ ಮೇಲೆ ಹುಡುಗರು ನೋಡುತ್ತಿದ್ದಾರಂತೆ. ಪಂಚಾಕ್ಷರಪ್ಪ ಮೀಸೆ ತಿರುವುತ್ತಿದ್ದಾರೆ. ಹೀಗೇ ಬಿಟ್ಟರೆ ಯುಗಾದಿಗೆ ನನ್ನ ಪಾಲಿಗೆ ಬೇವು ಮಾತ್ರ.

ನೂರೈನಳನ್ನು ಕೇಳಿದೆ. "ಇದ್ದುದರಲ್ಲಿ ಅತ್ಯಂತ ಬೋರು ಹೊಡೆಸುವ ಆಟ ಯಾವುದಮ್ಮ?"

ಸ್ವಲ್ಪ ಯೋಚಿಸಿ ಹೇಳಿದಳು. "ಬೇಸಾಯದ್ದು ಒಂದೈತೆ ಸಾರ್. ಟ್ರ್ಯಾಕ್ಟರಲ್ಲಿ ಉಳೋದು, ಬಿತ್ತೋದು, ಕುಯ್ಯೋದು. ಒಂದ್ ಹೊಲ ಉಳೋಕೇ ಅರ್ಧ ಗಂಟೆ ಬೇಕು. ಯಾರೂ ಸಾಯಲ್ಲ."

ಯಾರೂ ಸಾಯುವುದಿಲ್ಲ! ದಿನವಿಡೀ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದ ಜನಕ್ಕೆ ಸಂಜೆ ಟಿವಿಯಲ್ಲಿ ಇನ್ನೊಬ್ಬರ ಹೊಲ ತೋರಿಸುವುದು. ಇದಕ್ಕಿಂತ ಒಳ್ಳೆಯ ಉಪಾಯ ಉಂಟೆ? ನಾಳೆಯಿಂದಲೇ ಶುರು ಎಂದೆ. ಪಂಚಾಕ್ಷರಪ್ಪನವರಿಗೆ "ಕೃಷಿ ಪ್ರಧಾನ ತಾಲ್ಲೂಕು ಸಾರ್" ಎಂದು ಗಂಭೀರವಾಗಿ ಹೇಳಿದೆ. ತಲೆಯಾಡಿಸಿದರು.

ಜನವರಿ 23, ಗುರುವಾರ

ಇವತ್ತು ನಡೆದದ್ದನ್ನು ಬರೆಯುವ ಮೊದಲು ನಮ್ಮತ್ತೆಯ ವಿಷಯ ಬರೆಯಬೇಕು.

ಲಿಂಗಮ್ಮನವರು, ಯಗಟಿ. ಮಗ ಸೊಸೆಯ ಜೊತೆ ಇದ್ದರೂ ರಾಗಿ, ತೆಂಗು, ಕುರಿ ಎಲ್ಲದರ ಮೇಲೂ ಅವರದೇ ಆಡಳಿತ. ನಯನಳನ್ನು ನಾನು ಮದುವೆಯಾಗಿ ಹನ್ನೆರಡು ವರ್ಷ. ಇಷ್ಟು ವರ್ಷದಲ್ಲಿ ಅತ್ತೆ ನನ್ನೊಡನೆ ಒಂದೇ ಒಂದು ಮಾತನ್ನೂ ನೇರವಾಗಿ ಆಡಿಲ್ಲ. ಜಗಳವಲ್ಲ, ಮರ್ಯಾದೆ. ಅಳಿಯನ ಎದುರು ನಿಂತು ಮಾತಾಡುವುದು ಅವರ ಪ್ರಕಾರ ಕೂಡದು. ಬಾಗಿಲ ಮರೆಯಲ್ಲಿ ನಿಂತು "ನಯನಾ, ಅವ್ರಿಗೆ ಇನ್ನೊಂದ್ ಮುದ್ದೆ ಹಾಕು" ಎನ್ನುತ್ತಾರೆ. ನಾನು "ಸಾಕು" ಎಂದರೆ ಅದೂ ನಯನಳ ಮೂಲಕವೇ ವಾಪಸ್ ಹೋಗಬೇಕು. ನನ್ನ ಸಮಾಚಾರವನ್ನಂತೂ ಅವರು ಒಂದು ದಿನವೂ ನೋಡಿದವರಲ್ಲ. ಏಳೂವರೆಯಾದರೆ ಎದ್ದು ಕುರಿ ಕೊಟ್ಟಿಗೆಗೆ ಹೋಗುತ್ತಿದ್ದರಂತೆ. ನನ್ನ ದನಿಗಿಂತ ಕುರಿಗಳ ದನಿ ಇಂಪೆಂದು ಕಾಣುತ್ತದೆ.

ಇವತ್ತು ನೂರೈನ್ ಯಾವುದೋ ಪರದೇಶದ ಹೊಲ ಉಳುತ್ತಿದ್ದಳು. ನಾನು ಬೇಕೆಂದೇ ಆಕಳಿಸುತ್ತ ವಿವರಣೆ ಕೊಡುತ್ತಿದ್ದೆ. ಫೋನ್ ರಿಂಗಾಯಿತು. ಎತ್ತಿದೆ.

"ಟಿವಿಯೋರಾ? ಆ ಮಗಾ ಹೊಲ ಉಳ್ತೈತಾ, ಗೆರೆ ಎಳ್ದು ಆಟ ಆಡ್ತೈತಾ? ಇಳಿಜಾರಿಗೆ ಅಡ್ಡ ಉಳ್ಬೇಕು ಅಂತ ಹೇಳೋರಿಲ್ವಾ ಅಲ್ಲಿ? ಮಳೆ ಬಂದ್ರೆ ಮಣ್ಣೆಲ್ಲ ಕೊಚ್ಕಂಡ್ ಹೋಗಲ್ವಾ?"

ದನಿ ಕೇಳಿ ಕೈಯಲ್ಲಿದ್ದ ಮೈಕ್ ಬೀಳುವುದೊಂದು ಬಾಕಿ. ಬಾಗಿಲ ಮರೆಯ ಆ ದನಿ ನನಗೆ ಗೊತ್ತಿಲ್ಲದೆ ಏನು? "ಯಾರು ಮಾತಾಡೋದು?" ಎಂದು ತೊದಲಿದೆ.

"ಯಗಟಿಯಿಂದ ಒಬ್ಳು ಹೆಂಗಸು" ಎಂದರು.

ನಾನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಅವರು ಮಾತಾಡುತ್ತಿದ್ದದ್ದು ಟಿವಿಯವರ ಜೊತೆ. ಅಳಿಯನ ಜೊತೆ ಅಲ್ಲ. "ಆಯ್ತಜ್ಜಿ, ಅಡ್ಡ ಉಳ್ತೀನಿ" ಎಂದು ನೂರೈನ್ ಟ್ರ್ಯಾಕ್ಟರ್ ತಿರುಗಿಸಿಯೇಬಿಟ್ಟಳು.

ಜನವರಿ 27, ಸೋಮವಾರ

ಇವತ್ತು ಶುರು ಮಾಡಿ ಹತ್ತು ನಿಮಿಷವೂ ಆಗಿರಲಿಲ್ಲ. ಫೋನ್.

"ಏನ್ರೀ ಟಿವಿಯೋರೆ, ಸೋಮಾರ ಯಾರಾದ್ರೂ ಆರು ಕಟ್ಟಿ ಹೊಲ ಉಳ್ತಾರಾ? ಬಸವಣ್ಣನ ದಿನ ಎತ್ತಿನ ಹೆಗಲ ಮೇಲೆ ನೊಗ ಇಡ್ತಾರಾ?"

"ಇದು ಟ್ರ್ಯಾಕ್ಟರ್ರು, ಎತ್ತಿಲ್ಲ" ಎಂದೆ. ಅಳಿಯನಾಗಿ ಎಂದೂ ಆಡದ ಎದುರು ಮಾತನ್ನು ಟಿವಿಯವನಾಗಿ ಆಡಿದೆ. ಧೈರ್ಯ ಬಂತು. "ಅಲ್ಲದೆ ಇದು ಆಟ. ನಿಜವಾದ ಹೊಲ ಅಲ್ಲ."

"ಎತ್ತಿಲ್ದಿದ್ರೆ ಭೂಮಿ ಇಲ್ವಾ? ಆಟ ಅಂತ ಮನೇಲಿ ಮಕ್ಳು ಅನ್ನ ತುಳಿದ್ರೆ ಸುಮ್ನಿರ್ತೀರಾ?"

ಆಮೇಲೆ ಹಿರೇನಲ್ಲೂರು, ಆಮೇಲೆ ಅಜ್ಜಂಪುರ, ಆಮೇಲೆ ಮತ್ತೆ ಯಗಟಿ. ಎಲ್ಲರದೂ ಒಂದೇ ರಾಗ. ಸೋಮವಾರ ನಿಲ್ಲಿಸಿ. ನೂರೈನ್ ನನ್ನ ಮುಖ ನೋಡಿ, ಟ್ರ್ಯಾಕ್ಟರನ್ನು ಹೊಲದ ಅಂಚಿಗೆ ತಂದು ನಿಲ್ಲಿಸಿ, ಕೈ ಕಟ್ಟಿ ಕುಳಿತಳು.

ಈಗ ಏನು ಮಾಡುವುದು? ತೆರೆಯ ಮೇಲೆ ಕೆಂಪು ಟ್ರ್ಯಾಕ್ಟರ್ ನಿಂತಿದೆ. ಗಾಳಿಗೆ ಹುಲ್ಲು ಅಲ್ಲಾಡುತ್ತಿದೆ. ಕಾರ್ಯಕ್ರಮ ಮುಗಿಯಲು ಇನ್ನೂ ಬೇಕಾದಷ್ಟು ಹೊತ್ತಿದೆ. ನಾನು ಹಳೆಯ ಚಟದಿಂದ ಈಗಲೂ ದಿನಾ ಊರ ಸುದ್ದಿ ಬರೆದಿಟ್ಟುಕೊಳ್ಳುತ್ತೇನೆ. ಜೇಬಿನಿಂದ ಹಾಳೆ ತೆಗೆದು ಓದಿದೆ. ಬೀರೂರಿನಲ್ಲಿ ಕುರಿ ಸಂತೆ, ಅಜ್ಜಂಪುರದಲ್ಲಿ ರೈಲು ತಡ, ಕಡೂರಿನ ಯಾವ ಬೀದಿಗೆ ನಾಳೆ ನೀರಿಲ್ಲ. ಯಾರೂ ಬೇಡ ಎನ್ನಲಿಲ್ಲ. ನಿಂತ ಟ್ರ್ಯಾಕ್ಟರನ್ನು ನೋಡುತ್ತ ಮೂರು ತಾಲ್ಲೂಕು ಸುದ್ದಿ ಕೇಳಿತು.

ಅಪರೂಪಕ್ಕೆ ಗಂಟಲು ಹಗುರಾಗಿದೆ. ವಾರದಿಂದ ಕುಡಿಯುತ್ತಿರುವ ಕೆಮ್ಮಿನ ಔಷಧಿಯ ಗುಣ ಇರಬೇಕು.

ಫೆಬ್ರವರಿ 5, ಬುಧವಾರ

ಉಪಾಯ ಪೂರ್ತಿ ಕೈಕೊಟ್ಟಿತು. ಸುಗ್ಗಿ ಮುಗಿದು ಜನಕ್ಕೆ ಸಂಜೆ ಬಿಡುವು. ಹೊಲದ ಕೆಲಸ ಮುಗಿದರೂ ಹೊಲದ ಬಗ್ಗೆ ಮಾತಾಡುವ ಚಟ ಮುಗಿಯಬೇಕಲ್ಲ. ಎಲ್ಲರೂ ನಮ್ಮ ಪರದೇಶಿ ಹೊಲದಲ್ಲಿ ಬಂದು ಕುಳಿತಿದ್ದಾರೆ.

ಮುಸುಕಿನ ಜೋಳ ಬಿತ್ತುತ್ತಿದ್ದೇವೆ. "ಅಕ್ಕಡಿ ಸಾಲು ಎಲ್ಲಿ?" ಎಂದು ಅತ್ತೆಯ ಫೋನ್. ಜೋಳದ ನಡುವೆ ಒಂದೊಂದು ಸಾಲು ಅವರೆಯೋ ತೊಗರಿಯೋ ಇರಬೇಕಂತೆ. ಆಟದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರೆ, "ಹಂಗಾರೆ ಆ ಆಟ ಮಾಡ್ದೋನು ಅವರೆಕಾಳ್ ಸಾರು ಉಂಡಿಲ್ಲ ಬಿಡಿ" ಎಂದರು. ನೂರೈನ್ ಹೊಲದ ಅಂಚಿನಲ್ಲಿ ಸೋಯಾ ಸಾಲು ಹಾಕಿ ರಾಜಿ ಮಾಡಿಸಿದಳು.

ನಯನ ಮಾತ್ರ ಊಟಕ್ಕೆ ಬಡಿಸುತ್ತ ಕೇಳಿದಳು. "ಏನ್ರೀ, ನಮ್ಮವ್ವ ನಿಮ್ಜೊತೆ ಮಾತಾಡ್ತಾರಂತೆ?"

"ನನ್ನ ಜೊತೆ ಅಲ್ಲ. ಟಿವಿಯವರ ಜೊತೆ."

"ಹೌದೌದು" ಎಂದಳು. ಆ 'ಹೌದೌದು' ನನಗೆ ಸರಿ ಬರಲಿಲ್ಲ.

ಫೆಬ್ರವರಿ 13, ಗುರುವಾರ

ಆಟದಲ್ಲಿ ಮಳೆ ಬಂತು. ಹದವಾದ ಮಳೆ. ಇಷ್ಟೇ.

ಫೆಬ್ರವರಿ 27, ಗುರುವಾರ

ಶಿವರಾತ್ರಿಗೆ ಅತ್ತೆ ನಮ್ಮ ಮನೆಗೆ ಬಂದಿದ್ದಾರೆ. ಮನೆಯಲ್ಲಿ ಹಳೆಯ ಕಾನೂನೇ. ನಾನು ಹಜಾರಕ್ಕೆ ಬಂದರೆ ಅವರು ಅಡುಗೆಮನೆಗೆ. ಬೆಳಿಗ್ಗೆ ಬಾಗಿಲ ಮರೆಯಿಂದ "ನಯನಾ, ಅವ್ರು ಕಾಫಿ ಕುಡಿದ್ರಾ ಕೇಳು" ಎಂದರು. ನಾನು ಎರಡು ಮಾರು ದೂರದಲ್ಲಿ ಲೋಟ ಹಿಡಿದು ಕುಳಿತಿದ್ದೆ.

ಸಂಜೆ ನಾನು ಸ್ಟುಡಿಯೋಗೆ ಹೋದೆ. ಏಳು ಮುಕ್ಕಾಲಿಗೆ ಫೋನ್. ನಂಬರ್ ನೋಡಿದರೆ ನಯನಳದ್ದು.

"ಟಿವಿಯೋರಾ? ಜೋಳ ತೆನೆ ಕಟ್ಟೈತೆ, ಗೊಬ್ಬರ ಸಾಲ್ದು. ನೀವ್ ಮಾತಾಡಿದ್ದೇ ಮಾತಾಡ್ತೀರಿ, ಆ ಹುಡ್ಗಿಗೆ ಹೇಳೋರು ಯಾರು?" ನನ್ನ ಮನೆಯ ಕುರ್ಚಿಯಲ್ಲಿ ಕುಳಿತು, ನನ್ನ ಟಿವಿ ನೋಡುತ್ತ, ನನ್ನ ಹೆಂಡತಿಯ ಫೋನಿನಿಂದ ನನಗೆ ಬೈಗುಳ. ಹಿಂದೆ ನಯನ ನಗು ತಡೆಯುವ ಸದ್ದು.

ಮನೆಗೆ ಬಂದೆ. ಅತ್ತೆ ಅಡುಗೆಮನೆಗೆ ಸರಿದರು. "ನಯನಾ, ಅವ್ರಿಗೆ ಬಿಸಿನೀರು ಕೊಡು, ಗಂಟ್ಲು ಕಟ್ಟೈತೆ" ಎಂದರು. ಗಂಟಲು ಕಟ್ಟಿದ್ದು ಅವರಿಗೆ ಹೇಗೆ ಗೊತ್ತು? ಮನೆಯಲ್ಲಿ ನಾನು ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ಅತ್ತೆ ಹಿತ್ತಲಿಗೆ ಹೋದಾಗ ನಯನಳನ್ನು ತರಾಟೆಗೆ ತೆಗೆದುಕೊಂಡೆ. "ನಿಮ್ಮವ್ವನಿಗೆ ನನ್ನ ಸಮಾಚಾರ ಕೇಳೋಕೆ ಹನ್ನೆರಡು ವರ್ಷ ಪುರುಸೊತ್ತಿರಲಿಲ್ಲ. ಗೇಮ್ ನೋಡೋಕೆ ಪುರುಸೊತ್ತು."

ನಯನ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಮ್ಗೆ ಇಷ್ಟ್ ದಿನ ಗೊತ್ತೇ ಇರ್ಲಿಲ್ವಾ? ಟಿವಿಲಿ ನಿಮ್ಮ ಮುಖ ಬರ್ತಿತ್ತು ಕಣ್ರೀ. ಅಳಿಯನ ಮುಂದೆ ಕುರ್ಚಿ ಮೇಲೆ ಹೆಂಗ್ ಕೂರಾದು ಅಂತ ಸೆರಗು ಸರಿ ಮಾಡ್ಕಂಡು ಎದ್ ಹೋಗೋರು. ಈಗ ಮುಖ ಇಲ್ವಲ್ಲ, ಅದ್ಕೆ ಕೂರ್ತಾರೆ."

ಮುಖ ಇಲ್ಲದ ಮೇಲೆ ನನ್ನ ಬೆಲೆ ಏರಿದೆ ಎಂದುಕೊಳ್ಳುತ್ತೇನೆ.

ಮಾರ್ಚ್ 10, ಸೋಮವಾರ

ಎಲ್ಲ ಸೋಮವಾರದ ಹಾಗೆ ಟ್ರ್ಯಾಕ್ಟರಿಗೆ ರಜೆ. ಸುದ್ದಿ ಓದಿದೆ. ಓದುವಾಗ ಇದನ್ನು ಯಗಟಿಯಲ್ಲಿ ಕುರ್ಚಿಯ ಮೇಲೆ ಕುಳಿತು ಒಬ್ಬರು ಕೇಳುತ್ತಿದ್ದಾರೆ ಎನಿಸಿ, ಕುರಿ ಸಂತೆಯ ಸುದ್ದಿಯನ್ನು ಸ್ವಲ್ಪ ನಿಧಾನವಾಗಿ ಓದಿದೆ. ಅಷ್ಟಕ್ಕೂ ಕುರಿ ಸಂತೆ ಮಹತ್ವದ ವಿಷಯವೇ.

ಮಾರ್ಚ್ 19, ಬುಧವಾರ

ಮತ್ತೆ ಕಾಫಿ. ಈ ಸಲ ಜೊತೆಗೆ ಬಿಸ್ಕತ್ತೂ ಇತ್ತು.

ತರೀಕೆರೆಯ ಟ್ರ್ಯಾಕ್ಟರ್ ಡೀಲರ್ ಬಸವರಾಜ ಎಂಬುವರು ನಮ್ಮ ಹೊಲವನ್ನು ನೋಡಿ ಮೆಚ್ಚಿದ್ದಾರೆ. ಸೋಮವಾರ ಅವರ ಹೊಸ ಮಳಿಗೆ ತೆರೆಯುತ್ತದೆ. ಅದೇ ಸಂಜೆ ಏಳೂವರೆಗೆ ಆಟದ ಟ್ರ್ಯಾಕ್ಟರಿಗೆ ಅವರ ಕಂಪನಿಯ ನೀಲಿ ಬಣ್ಣ ಬಳಿದು, ಜೋಳ ಕೊಯ್ದು ತೋರಿಸಬೇಕು. ಸ್ವತಃ ಬಂದು ಕೂರುತ್ತಾರಂತೆ.

"ಸೋಮವಾರ ಆಗೋದಿಲ್ಲ ಸಾರ್" ಎಂದೆ.

"ಇದೊಂದ್ ಸೋಮಾರ ಕಣ್ರೀ." ಪಂಚಾಕ್ಷರಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ, ಡೀಲರು ವರ್ಷಕ್ಕೆ ಜಾಹೀರಾತು ಕೊಡ್ತಾರೆ. ಆ ಧೈರ್ಯದ ಮೇಲೆ ಇನ್ನೊಂದು ಚಾನೆಲ್ ಮಾಡ್ತೀನಿ. ಯುಗಾದಿಯಿಂದ ದಿನಾ ಏಳೂವರೆಗೆ ನಿಮ್ಮ ಸಮಾಚಾರ. ನಿಮ್ಮ ಮುಖ, ನಿಮ್ಮ ಕೋಟು, ಎಲ್ಲ. ಆಯ್ತಾ?"

ನಾನು ಬಯಸಿದ್ದು ಇದನ್ನೇ. ಇದಕ್ಕಾಗಿಯೇ ಈ ಹೊಲದ ನಾಟಕ ಹೂಡಿದ್ದು. ಆಯಿತು ಎಂದೆ. ಕೈ ಕುಲುಕಿದೆ.

ಮನೆಯಲ್ಲಿ ಕೋಟು ಹೊರಗೆ ತೆಗೆದು ಬಿಸಿಲಿಗೆ ಹಾಕಲು ಹೇಳಿದೆ. ಯಾಕೆಂದು ಹೇಳಿದೆ. ನಯನ ಕೋಟನ್ನು ತಂತಿಯ ಮೇಲೆ ಹರಡಿ, "ಅವ್ವನಿಗೆ ನೀವೇ ಹೇಳ್ತೀರಾ, ನಾನ್ ಹೇಳ್ಲಾ?" ಎಂದಳು.

"ಯಾರೂ ಹೇಳಬೇಕಿಲ್ಲ. ಅದೊಂದು ಆಟ" ಎಂದೆ.

ಮಾರ್ಚ್ 22, ಶನಿವಾರ

ಜೋಳ ಪೂರ್ತಿ ಬಲಿತಿದೆ. ಶುಕ್ರವಾರವೇ ಕೊಯ್ಯಬಹುದಿತ್ತು. ಡೀಲರಿಗಾಗಿ ಕಾಯಿಸಿದ್ದೇವೆ. "ಇನ್ನೂ ಯಾಕ್ ಕುಯ್ದಿಲ್ಲ? ಹಂದಿ ಪಾಲು ಮಾಡ್ತೀರಾ?" ಎಂದು ಅತ್ತೆ. ಆಟದಲ್ಲಿ ಹಂದಿ ಇಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 24, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಏಳು ಗಂಟೆಗೇ ಬಸವರಾಜರು ಹೂವಿನ ಹಾರದ ಸಮೇತ ಬಂದು ನನ್ನ ಹಿಂದೆ ಕುಳಿತರು. ಟ್ರ್ಯಾಕ್ಟರು ನೀಲಿಯಾಗಿತ್ತು. ಪಕ್ಕದಲ್ಲಿ ಕೊಯ್ಲಿನ ಯಂತ್ರ, ಅದೂ ನೀಲಿ. ಏಳೂವರೆಯಾಯಿತು. ಮೈಕ್ ಆನ್ ಮಾಡುವ ಮೊದಲು ನೂರೈನ್ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಸಾರ್, ಅಜ್ಜಿ ಫೋನ್ ಮಾಡಿದ್ರೆ ಏನ್ ಹೇಳ್ಲಿ?"

ಸರಳ ಪ್ರಶ್ನೆ. ನಾನು ಉತ್ತರ ಹುಡುಕುತ್ತ ಮೈಕ್ ಆನ್ ಮಾಡಿದೆ. ಬಾಯಿ ತೆರೆದೆ. ಬಂದ ಮಾತು ಹೀಗಿತ್ತು. "ಎಲ್ಲರಿಗೂ ನಮಸ್ಕಾರ. ಇವತ್ತು ಸೋಮವಾರ. ನಮ್ಮ ಹೊಲದಲ್ಲಿ ಕೆಲಸ ಇಲ್ಲ. ಕೊಯ್ಲು ನಾಳೆ. ಈಗ ಸಮಾಚಾರ."

ನೂರೈನ್ ಕೈ ಕಟ್ಟಿ ಕುಳಿತಳು. ಬಸವರಾಜರು ಎದ್ದು ನಿಂತರು. ಪಂಚಾಕ್ಷರಪ್ಪ ಗಾಜಿನ ಆಚೆಯಿಂದ ಕೈ ಬೀಸುತ್ತಿದ್ದರು. ಮೊದಮೊದಲು ಬೀಸಿದರು, ಆಮೇಲೆ ಮುಗಿದರು. ನಾನು ಓದುತ್ತ ಹೋದೆ. ತರೀಕೆರೆಯಲ್ಲಿ ಹೊಸ ಟ್ರ್ಯಾಕ್ಟರ್ ಮಳಿಗೆ ಆರಂಭವಾದದ್ದನ್ನೂ ಓದಿದೆ, ಸುದ್ದಿ ಸುದ್ದಿಯೇ. ಕೊನೆಗೆ "ಯಗಟಿಗೆ ಹೋಗುವ ಸಂಜೆಯ ಬಸ್ಸಿನ ಸಮಯ" ಎನ್ನುವಷ್ಟರಲ್ಲಿ ಲೈನ್ ಕಟ್ ಆಯಿತು. ಹಾಡು ಬಂತು.

ಡೀಲರ್ ಹಾರವನ್ನು ವಾಪಸ್ ತೆಗೆದುಕೊಂಡು ಹೋದರು. ಪಂಚಾಕ್ಷರಪ್ಪ ಕಾಫಿ ತರಿಸಲಿಲ್ಲ.

"ಹೊಲ ಇರ್ಲಿ, ಜನ ನೋಡ್ತಾರೆ. ಸಮಾಚಾರ ಇನ್ಮೇಲೆ ಇಲ್ಲ. ಸೋಮಾರನೂ ಇಲ್ಲ. ಸೋಮಾರ ಹಾಡು ಹಾಕ್ತೀನಿ. ನೀವಾಗೇ ಮಾಡ್ಕಂಡಿದ್ದು ತೀರ್ಥೇಶ್."

ಹೌದು, ನಾನಾಗಿ ಮಾಡಿಕೊಂಡದ್ದು. ಯಾಕೆ ಎಂದು ಕೇಳಿದರೆ, ನೀಲಿ ಬಣ್ಣ ಮಾಗಿದ ಜೋಳದ ಹೊಲದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ. ಬೇರೆ ಕಾರಣ ಇಲ್ಲ. ಹದಿನಾಲ್ಕು ವರ್ಷದ ಕೆಲಸ ಇವತ್ತಿಗೆ ಮುಗಿಯಿತು, ಅದೂ ಅರ್ಧ ವಾಕ್ಯದಲ್ಲಿ. ತುಂಬ ಬೇಜಾರಾಗಿದೆ. ಇದನ್ನು ತಮಾಷೆಯಾಗಿ ಬರೆಯಲು ಆಗುತ್ತಿಲ್ಲ.

ಕೋಟನ್ನು ನಯನ ಮಡಿಸಿ ಒಳಗಿಟ್ಟಳು.

ಮಾರ್ಚ್ 25, ಮಂಗಳವಾರ

ಕೊಯ್ಲು. ಹಠಕ್ಕೆ ಬಿದ್ದವಳ ಹಾಗೆ ನೂರೈನ್ ಯಂತ್ರಕ್ಕೆ ಮತ್ತೆ ಕೆಂಪು ಬಣ್ಣ ಬಳಿದಿದ್ದಳು. ನಾನು ವಿವರಣೆ ಕೊಡುತ್ತಿದ್ದೆ. ದನಿಯಲ್ಲಿ ಜೀವ ಇರಲಿಲ್ಲ ಎಂದು ನನಗೇ ಗೊತ್ತಾಗುತ್ತಿತ್ತು. ಅರ್ಧ ಹೊಲ ಮುಗಿದಿತ್ತು. ಫೋನ್ ಬಂತು.

"ಟಿವಿಯವರು. ಹೇಳಿ" ಎಂದೆ.

ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು. ಗಂಟಲು ಸರಿ ಮಾಡಿಕೊಂಡರು.

"ಅಳಿಯಂದ್ರೇ" ಎಂದರು.

ನೂರೈನ್ ತಿರುಗಿ ನೋಡಿದಳು. ಕೊಯ್ಲಿನ ಯಂತ್ರ ತನ್ನಷ್ಟಕ್ಕೆ ಹೋಗುತ್ತಿತ್ತು. ಕಡೂರಿನಿಂದ ಯಗಟಿಯವರೆಗೆ, ತರೀಕೆರೆಯಿಂದ ಅಜ್ಜಂಪುರದವರೆಗೆ ನಮ್ಮ ತಂತಿ ಇರುವ ಕಡೆಯಲ್ಲೆಲ್ಲ ಅದು ಕೇಳಿರಬೇಕು.

"ನಿನ್ನೆ ಸಮಾಚಾರ ಅರ್ಧಕ್ಕೇ ನಿಂತೋಯ್ತು. ಯಗಟಿ ಬಸ್ಸಿಂದು ಏನೋ ಹೇಳ್ತಿದ್ರಿ. ನಾನ್ ಕಾಯ್ತಾ ಕೂತಿದ್ದೆ, ಹಾಡ್ ಬಂತು. ಅದುನ್ನ ಪೂರ್ತಿ ಓದಿ. ಕೇಳ್ತೀನಿ."

ಗಾಜಿನ ಆಚೆ ಪಂಚಾಕ್ಷರಪ್ಪ ನಿಂತಿದ್ದರು. ಕೈ ಬೀಸಲೂ ಇಲ್ಲ, ಮುಗಿಯಲೂ ಇಲ್ಲ. ನಿನ್ನೆಯ ಹಾಳೆ ನಿನ್ನೆಯ ಅಂಗಿಯ ಜೇಬಿನಲ್ಲಿ ಮನೆಯಲ್ಲೇ ಉಳಿದಿತ್ತು. ಬೇಕಾಗಲಿಲ್ಲ. ಬಾಯಿಪಾಠ ಇತ್ತು. "ಯಗಟಿಗೆ ಹೋಗುವ ಸಂಜೆಯ ಬಸ್ಸಿನ ಸಮಯ ಬದಲಾಗಿದೆ. ಇನ್ನು ಮುಂದೆ ಬಸ್ಸು ಕಡೂರಿನಿಂದ ಆರೂ ಕಾಲಿಗೆ ಹೊರಡಲಿದೆ. ಇಲ್ಲಿಗೆ ಸಮಾಚಾರ ಮುಗಿಯಿತು. ನಮಸ್ಕಾರ."

ಕೊನೆಯ ಸಾಲಿಗೆ ಮೈಕಿನಿಂದ ಮುಖ ಆಚೆ ತಿರುಗಿಸಬೇಕಾಯಿತು. ಕೆಮ್ಮು ಇರಲಿಲ್ಲ. ಅಳು ಬಂದಿತ್ತು.

"ಸರಿ ಬಿಡಿ" ಎಂದರು ಅತ್ತೆ. "ಇನ್ ಹೊಲದ ಕಡೆ ನೋಡಿ. ಮಾತ್ ಕೇಳ್ಕಂಡು ಆ ಹುಡ್ಗಿ ಮೂಲೇಲಿ ಒಂದ್ ಸಾಲು ಬಿಟ್ಬಿಟ್ಟವ್ಳೆ."

ನೋಡಿದೆವು. ಬಿಟ್ಟಿದ್ದಳು.